ಮೇಜಿನ ಮೇಲೊಂದು ಹಾಳು ಮಂಟಪ: ಆಟದ ನೆಲವನ್ನು ಕೈಯಾರೆ ಕಟ್ಟುವುದು

ಮೇಜಿನ ಮೇಲೆ ಗೊಂಬೆ ಇಟ್ಟು ಆಡುವ ಕಥೆಯಾಟಕ್ಕೆ ನಾನು ಮಾಡಿದ ಮೊದಲ ಬಂಡೆ ನೋಡಲು ಬಹಳ ಚೆನ್ನಾಗಿತ್ತು. ಥೇಟ್ ಹಂಪಿಯ ಬಂಡೆಯ ಹಾಗೆ ದುಂಡಗೆ, ನುಣ್ಣಗೆ. ಆಟದ ದಿನ ಅದನ್ನು ಮೇಜಿನ ಮೇಲಿಟ್ಟೆ. ಬಿಲ್ಲುಗಾರ್ತಿಯ ಪಾತ್ರ ಆಡುತ್ತಿದ್ದ ಗೆಳತಿ "ನಾನು ಬಂಡೆ ಹತ್ತುತ್ತೇನೆ" ಎಂದಳು. ಅವಳ ಪಾತ್ರದ ಗೊಂಬೆಯನ್ನು ಮೇಲಿಟ್ಟರೆ ಜಾರಿತು. ಮತ್ತೆ ಇಟ್ಟರೆ ಮತ್ತೆ ಜಾರಿತು. ಕೊನೆಗೆ ಅದನ್ನು ಪಕ್ಕದಲ್ಲಿಟ್ಟು "ಮೇಲಿದ್ದೇನೆ ಅಂದ್ಕೊಳ್ಳಿ" ಎಂದಳು. ಅಂದುಕೊಳ್ಳುವುದೇ ಆದರೆ ಬಂಡೆ ಯಾಕೆ ಬೇಕಿತ್ತು? ಅವತ್ತಿನಿಂದ ನಾನು ಮೊದಲು ಆಟ ಯೋಚಿಸುತ್ತೇನೆ, ಅಂದ ಆಮೇಲೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಓಡಾಡುತ್ತಾರೆ. ಬರೀ ಮಾತಿನಲ್ಲೂ ಆಡಬಹುದು. ಆದರೆ ಕಾದಾಟ ಶುರುವಾದರೆ ಯಾರು ಎಲ್ಲಿದ್ದಾರೆ, ಯಾರಿಗೆ ಯಾರು ಕಾಣುತ್ತಾರೆ ಎಂಬುದೇ ಗೊಂದಲ. ಅದಕ್ಕೇ ಮೇಜಿನ ಮೇಲೆ ಗೊಂಬೆ, ಗೋಡೆ, ಮರ, ಬಂಡೆ ಬೇಕಾಗುವುದು. ಇಲ್ಲಿ ನಾನು ಒಂದೇ ಒಂದು ಜಾಗ ಕಟ್ಟುವುದನ್ನು ಹೇಳುತ್ತೇನೆ: ಹಂಪಿಯ ಗುಡ್ಡದ ಮೇಲೆ ಕಾಣುವಂಥ ಒಂದು ಹಾಳು ಮಂಟಪ, ಪಕ್ಕದಲ್ಲಿ ಎರಡು ಬಂಡೆ, ಒಂದು ಮುರಿದ ಗೋಡೆ, ಒಂದು ಮರ. ಇದನ್ನು ಮಾಡಲು ಬಂದರೆ ಕೋಟೆಯೂ ಬರುತ್ತದೆ, ಗುಹೆಯೂ ಬರುತ್ತದೆ.

ಕತ್ತರಿಸುವ ಮೊದಲು ಅಳತೆ

ಈ ಆಟದಲ್ಲಿ ಮೇಜಿನ ಮೇಲಿನ 1 ಇಂಚು ಎಂದರೆ ಕಥೆಯೊಳಗಿನ 5 ಅಡಿ. ಒಬ್ಬ ಮನುಷ್ಯ 1 ಇಂಚಿನ ಒಂದು ಚೌಕದಲ್ಲಿ ನಿಲ್ಲುತ್ತಾನೆ. ಸಾಮಾನ್ಯ ಪಾತ್ರ ಒಂದು ಸರದಿಯಲ್ಲಿ 30 ಅಡಿ ನಡೆಯುತ್ತದೆ, ಅಂದರೆ 6 ಚೌಕ. ಇಷ್ಟು ಗೊತ್ತಿದ್ದರೆ ಮೇಜು ಎಷ್ಟು ದೊಡ್ಡದಿರಬೇಕು ಎಂದು ಲೆಕ್ಕ ಹಾಕಬಹುದು. 24 ಇಂಚಿನ ಚೌಕ ಹಲಗೆ ಸಾಕು. ಈ ಕಡೆಯಿಂದ ಆ ಕಡೆಗೆ ನಾಲ್ಕು ಸರದಿಯ ದಾರಿ.

ಈಗ ಎತ್ತರ. ಬಹಳ ಜನ ಇಲ್ಲೇ ಎಡವುತ್ತಾರೆ. ಐದನೇ ಆವೃತ್ತಿಯ ನಿಯಮದಲ್ಲಿ ಹತ್ತುವುದಕ್ಕೆ ನಡಿಗೆಯ ಎರಡರಷ್ಟು ಖರ್ಚು. 4 ಇಂಚು ಎತ್ತರದ ಬಂಡೆ ಎಂದರೆ 20 ಅಡಿ. ಹತ್ತಲು 40 ಅಡಿಯ ನಡಿಗೆ ಬೇಕು. ಇರುವುದು 30. ಅಂದರೆ ಪಾತ್ರ ಅರ್ಧ ದಾರಿಯಲ್ಲಿ ನೇತಾಡುತ್ತದೆ, ಗೊಂಬೆ ಇಡಲು ಜಾಗ ಇರುವುದಿಲ್ಲ. ಆದ್ದರಿಂದ 2 ಇಂಚು ಎತ್ತರಕ್ಕೆ ಒಂದು ಚಾಚು ಬಿಡಿ. ಅಲ್ಲಿಗೆ 20 ಅಡಿಯ ಖರ್ಚು, ಉಳಿದ 10 ಅಡಿ ಕೈಯಲ್ಲಿರುತ್ತದೆ. ಆಟಗಾರರಿಗೆ ಅಲ್ಲಿ ನಿಂತು ಯೋಚಿಸಲು ಒಂದು ಜಾಗ ಸಿಗುತ್ತದೆ. ಮೇಲಿಂದ ಬಿದ್ದರೆ ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು. ಹಾಗಾಗಿ ಎತ್ತರಗಳನ್ನು 2, 4 ಇಂಚು ಹೀಗೆ ಇಟ್ಟರೆ ಲೆಕ್ಕ ಸಲೀಸು.

ಜಿಗಿತವೂ ಹಾಗೆಯೇ. 10 ಅಡಿ ಓಡಿ ಬಂದು ಹಾರಿದರೆ, ಪಾತ್ರದ ಬಲದ ಅಂಕ ಎಷ್ಟೋ ಅಷ್ಟು ಅಡಿ ದಾಟಬಹುದು. ಎರಡು ಎತ್ತರಗಳ ನಡುವೆ 2 ಇಂಚು ಬಿಟ್ಟರೆ 10 ಅಡಿ, ಹೆಚ್ಚಿನವರು ದಾಟುತ್ತಾರೆ. 3 ಇಂಚು ಬಿಟ್ಟರೆ 15 ಅಡಿ, ಆಗ ಗಟ್ಟಿಗರಷ್ಟೇ. ಅದೊಂದು ಇಂಚಿನಲ್ಲಿ ಇಡೀ ಸಂಜೆಯ ಆಟ ಬದಲಾಗುತ್ತದೆ. ನಾನು ಮಂಟಪದ ಮಾಡು ಮತ್ತು ದೊಡ್ಡ ಬಂಡೆ ಎರಡನ್ನೂ ಒಂದೇ ಎತ್ತರಕ್ಕೆ, 4 ಇಂಚಿಗೆ ಮಾಡುತ್ತೇನೆ. ಯಾಕೆಂದರೆ ಯಾರಾದರೂ ಹಾರಿಯೇ ಹಾರುತ್ತಾರೆ.

ಗೋಡೆಯ ಎತ್ತರಕ್ಕೂ ಅರ್ಥ ಇದೆ. ಗೊಂಬೆಯ ಸೊಂಟದವರೆಗೆ ಬಂದರೆ ಅರ್ಧ ಮರೆ, ರಕ್ಷಣೆಗೆ 2 ಅಂಕ ಜಾಸ್ತಿ. ಕುತ್ತಿಗೆಯವರೆಗೆ ಬಂದರೆ ಮುಕ್ಕಾಲು ಮರೆ, 5 ಅಂಕ ಜಾಸ್ತಿ. ಒಂದೇ ಗೋಡೆಯನ್ನು ಒಂದು ಕಡೆ ತಗ್ಗಾಗಿ, ಇನ್ನೊಂದು ಕಡೆ ಎತ್ತರವಾಗಿ ಮುರಿಯಿರಿ. ನಿಯಮ ಹೇಳಬೇಕಾಗಿಯೇ ಇಲ್ಲ, ಕಣ್ಣಿಗೇ ಕಾಣುತ್ತದೆ.

ಏನೇನು ಬೇಕು

ಬಂಡೆಗೆ 2 ಇಂಚು ದಪ್ಪದ ಥರ್ಮಾಕೋಲ್. ಕಂಬ, ಚಪ್ಪಡಿಗೆ ಅದು ಬೇಡ, ಕಾಳು ಕಾಳಾಗಿ ಉದುರುತ್ತದೆ. ಅದಕ್ಕೆ ಎಕ್ಸ್‌ಪಿಎಸ್ ಶೀಟ್ ಬೇಕು. ಕಟ್ಟಡದ ಮಾಡಿಗೆ ಬಿಸಿಲಿನ ಕಾವು ತಡೆಯಲು ಹಾಕುವ ಗಟ್ಟಿ ಫೋಮ್ ಅದು. ಕಾಳಿಲ್ಲ, ಪೆನ್ನಿನಲ್ಲಿ ಗೀರಿದರೆ ಗೆರೆ ಹಾಗೇ ಉಳಿಯುತ್ತದೆ. ಸಿಗದಿದ್ದರೆ ಎರಡೂ ಕಡೆ ಕಾಗದ ಅಂಟಿಸಿದ ಫೋಮ್ ಬೋರ್ಡ್ ತನ್ನಿ. ಒದ್ದೆ ಬಟ್ಟೆಯಿಂದ ಒರೆಸಿ ಕಾಗದ ಸುಲಿದರೆ ಒಳಗಿನ ಫೋಮ್ ಕೆಲಸಕ್ಕೆ ಬರುತ್ತದೆ. ಸನ್ ಬೋರ್ಡ್ ಮಾತ್ರ ಬೇಡ. ಗಟ್ಟಿ ಜಾಸ್ತಿ, ಗೀರು ಮೂಡುವುದಿಲ್ಲ.

ಉಳಿದದ್ದು ಮನೆಯಲ್ಲೇ ಇರುತ್ತದೆ, ಇಲ್ಲವೇ ಬೀದಿ ಕೊನೆಯ ಅಂಗಡಿಯಲ್ಲಿ ಸಿಗುತ್ತದೆ: ಕಟ್ಟರ್, ಸ್ಟೀಲ್ ಸ್ಕೇಲ್, ಫೆವಿಕಾಲ್, ಹಲ್ಲುಕಡ್ಡಿ, ಬಾಲ್ ಪೆನ್, ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್, ಉಪ್ಪುಕಾಗದ, ಗೋಡೆಗೆ ಬಳಿಯುವ ಪುಟ್ಟಿ ಪುಡಿ, ಜರಡಿ ಹಿಡಿದ ಮರಳು, ಆಕ್ರಿಲಿಕ್ ಬಣ್ಣ, ಹಳೆಯ ಅಗಲ ಬ್ರಷ್. ಬಣ್ಣದ ಅಂಗಡಿಯಲ್ಲಿ ಪುಟ್ಟಿ ಒಂದು ಕಿಲೋ ತಂದರೆ ವರ್ಷಕ್ಕಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಥರ್ಮಾಕೋಲ್ ಆಗಲಿ ಎಕ್ಸ್‌ಪಿಎಸ್ ಆಗಲಿ, ಎರಡೂ ಪಾಲಿಸ್ಟೈರೀನ್. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯುವ ದ್ರವ, ಇವು ತಾಗಿದರೆ ಸಕ್ಕರೆಯ ಹಾಗೆ ಕರಗಿಹೋಗುತ್ತದೆ. ಡಬ್ಬಿಯ ಸ್ಪ್ರೇ ಬಣ್ಣದಲ್ಲಿ, ರಬ್ಬರ್ ಅಂಟಿನಲ್ಲಿ ಇಂಥ ದ್ರವಗಳೇ ಇರುತ್ತವೆ. ಕ್ಷಣದಲ್ಲಿ ಹಿಡಿಯುವ ಅಂಟು ಕೂಡ ಫೋಮನ್ನು ತಿನ್ನುತ್ತದೆ. ಎರಡು ದಿನ ಕೂತು ಕೆತ್ತಿದ ಗೋಡೆಗೆ ನಾನು ಸ್ಪ್ರೇ ಹೊಡೆದು, ಅದು ಕಣ್ಣೆದುರೇ ಹೊಂಡ ಬಿದ್ದದ್ದನ್ನು ನೋಡಿದ್ದೇನೆ. ಬಹಳ ಸಂಕಟ ಆಯಿತು. ನೀರಿನಲ್ಲಿ ಕರಗುವ ಬಣ್ಣ, ನೀರಿನಲ್ಲಿ ಕರಗುವ ಅಂಟು, ಇವೆರಡೇ ಸಾಕು. ಅನುಮಾನ ಬಂದರೆ ಚೂರೊಂದರ ಮೇಲೆ ಹಚ್ಚಿ ಹತ್ತು ನಿಮಿಷ ಕಾಯಿರಿ.

ಬಂಡೆ

ಥರ್ಮಾಕೋಲನ್ನು ಅಂಗೈ ಎರಡರಷ್ಟು ಅಗಲಕ್ಕೆ ಕತ್ತರಿಸಿ. ಇನ್ನೊಂದು ತುಂಡು ಅದಕ್ಕಿಂತ ಚಿಕ್ಕದು. ಒಂದರ ಮೇಲೊಂದು ಇಟ್ಟಾಗ ಒಂದು ಬದಿಯಲ್ಲಿ ಕನಿಷ್ಠ ಒಂದೂವರೆ ಇಂಚು ಚಾಚು ಉಳಿಯಬೇಕು. ಕಟ್ಟರ್ ಅಲಗಿನ ತುದಿಯನ್ನು ಆಗಾಗ ಮುರಿದು ಹೊಸ ಮೊನೆ ತೆಗೆಯಿರಿ. ಮೊಂಡು ಅಲಗು ಕತ್ತರಿಸುವುದಿಲ್ಲ, ಕಾಳು ಕಿತ್ತು ತರುತ್ತದೆ. ಒತ್ತಬೇಡಿ, ಉದ್ದಕ್ಕೆ ಎಳೆಯಿರಿ.

ಬಿಸಿ ತಂತಿಯ ಕಟ್ಟರ್ ಇದ್ದರೆ ಕೆಲಸ ಬೇಗ ಆಗುತ್ತದೆ, ಆದರೆ ಅದರ ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ಇಲ್ಲವೇ ತಾರಸಿಗೆ ಹೋಗಿ. ಉಪ್ಪುಕಾಗದ ಹಾಕುವಾಗ ಮಾಸ್ಕ್ ಇರಲಿ.

ಎರಡು ಪದರ ಅಂಟಿಸುವಾಗ ಫೆವಿಕಾಲ್ ತೆಳ್ಳಗೆ ಬಳಿಯಿರಿ. ಥರ್ಮಾಕೋಲ್ ಒಳಗೆ ಗಾಳಿ ಹೋಗುವುದಿಲ್ಲ, ದಪ್ಪ ಹಚ್ಚಿದರೆ ಎರಡು ದಿನವಾದರೂ ಒಣಗುವುದಿಲ್ಲ. ನಾಲ್ಕೈದು ಹಲ್ಲುಕಡ್ಡಿ ಚುಚ್ಚಿ, ಮೇಲೆ ದಪ್ಪ ಪುಸ್ತಕ ಹೇರಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಂಚುಗಳನ್ನು ಕತ್ತರಿಸಿ ದುಂಡು ಮಾಡಿ. ಆದರೆ ಮೇಲ್ಭಾಗ ಮತ್ತು ಚಾಚು ಸಮತಟ್ಟಾಗಿಯೇ ಇರಲಿ. ಗೊಂಬೆಯ ಪೀಠ 1 ಇಂಚು ಅಗಲ. ಅದನ್ನು ಇಟ್ಟು, ಮೇಜನ್ನು ಒಮ್ಮೆ ಅಲುಗಾಡಿಸಿ ನೋಡಿ. ಬೀಳದಿದ್ದರೆ ಮುಂದಕ್ಕೆ ಹೋಗಿ.

ಥರ್ಮಾಕೋಲ್ ತೂಕವೇ ಇಲ್ಲದ ವಸ್ತು, ನೂರಕ್ಕೆ 98 ಪಾಲು ಗಾಳಿಯೇ. ಯಾರದಾದರೂ ಮೊಣಕೈ ತಾಗಿದರೆ ಬಂಡೆ ಹಾರಿಹೋಗುತ್ತದೆ. ಅಡಿಯಲ್ಲಿ ಒಂದು ಗುಳಿ ತೋಡಿ, ಒಂದು ಜಲ್ಲಿಕಲ್ಲು ಕೂರಿಸಿ, ಪುಟ್ಟಿಯಿಂದ ಮುಚ್ಚಿ.

ಇನ್ನು ಚರ್ಮ. ಪುಟ್ಟಿ ಪುಡಿಗೆ ನೀರು ಮತ್ತು ಫೆವಿಕಾಲ್ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಫೆವಿಕಾಲ್ ಇಲ್ಲದಿದ್ದರೆ ಒಣಗಿದ ಮೇಲೆ ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ. ಹಳೆಯ ಬ್ರಷ್‌ನಲ್ಲಿ ತೆಳ್ಳಗೆ ಬಳಿಯಿರಿ, ಒಣಗಿದ ಮೇಲೆ ಇನ್ನೊಂದು ಸಲ. ಕಾಳುಗಳೆಲ್ಲ ಮುಚ್ಚಿಹೋಗಬೇಕು. ಎರಡನೇ ಸಲ ಬಳಿದದ್ದು ಹಸಿಯಿರುವಾಗಲೇ ಸ್ವಲ್ಪ ಮರಳು ಉದುರಿಸಿ.

ಹಂಪಿಗೆ ಹೋದವರು ಗಮನಿಸಿರುತ್ತೀರಿ. ಅಲ್ಲಿ ಎಷ್ಟೋ ಬಂಡೆಗಳ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಚೌಕ ಗುಳಿಗಳಿವೆ. ಕಲ್ಲು ಸೀಳಲು ಕಲ್ಲುಕುಟಿಗರು ಬೆಣೆ ಹೊಡೆಯುತ್ತಿದ್ದ ಜಾಗ ಅದು. ಪುಟ್ಟಿ ಹಸಿಯಿರುವಾಗ ಬೆಂಕಿಕಡ್ಡಿಯ ಹಿಂತುದಿಯಿಂದ ಒಂದು ಗೆರೆಯಲ್ಲಿ ಏಳೆಂಟು ಸಲ ಒತ್ತಿ. ಅಷ್ಟೇ. ಇಲ್ಲಿ ಯಾವುದೋ ಕಾಲದಲ್ಲಿ ಜನ ಕೆಲಸ ಮಾಡಿದ್ದರು ಎಂದು ಬಂಡೆಯೇ ಹೇಳುತ್ತದೆ. ನನ್ನ ಮೇಜಿನಲ್ಲಿ ಆಟಗಾರರು ಮೊದಲು ಬೆರಳಿಟ್ಟು ಕೇಳುವುದು ಇದನ್ನೇ.

ಮಂಟಪ

ಮೊದಲು ಜಗತಿ, ಅಂದರೆ ಮಂಟಪ ನಿಲ್ಲುವ ಕಟ್ಟೆ. 6 ಇಂಚು ಚೌಕ, 1 ಇಂಚು ಎತ್ತರ. ಅಂಚಿನಲ್ಲಿ ಒಂದು ಕಡೆ ಅರ್ಧ ಇಂಚು ಎತ್ತರದ, 1 ಇಂಚು ಅಗಲದ ಒಂದೇ ಮೆಟ್ಟಿಲು. ನಿಜವಾದ ಮಂಟಪಕ್ಕೆ ಮೆಟ್ಟಿಲು ಇನ್ನೂ ಜಾಸ್ತಿ ಇರುತ್ತವೆ, ಆದರೆ ಕಿರಿದಾದ ಮೆಟ್ಟಿಲ ಮೇಲೆ ಗೊಂಬೆ ನಿಲ್ಲುವುದಿಲ್ಲ.

ಜಗತಿಯ ಮೇಲೆ ಬಾಲ್ ಪೆನ್‌ನಿಂದ ಚಪ್ಪಡಿಗಳ ಗೆರೆ ಎಳೆಯಿರಿ. ಇಟ್ಟಿಗೆ ಗೋಡೆಯ ಹಾಗೆ ಒಂದೇ ಅಳತೆ ಬೇಡ. ವಿಜಯನಗರದ ಕಲ್ಲುಗೋಡೆಗಳಲ್ಲಿ ಗಾರೆ ಇಲ್ಲದೆ ದೊಡ್ಡ ಚಿಕ್ಕ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿದ್ದನ್ನು ನೆನಪಿಸಿಕೊಳ್ಳಿ. ಹಾಗಾದರೆ ಆಟದ ಚೌಕಗಳು? ನಾನು ಚೌಕದ ಗೆರೆ ಎಳೆಯುವುದಿಲ್ಲ. ಪ್ರತಿ ಇಂಚಿಗೆ, ಚೌಕದ ಮೂಲೆ ಬರುವಲ್ಲಿ, ಪೆನ್ನಿನ ಮೊನೆಯಿಂದ ಒಂದು ಚುಕ್ಕೆ ಒತ್ತುತ್ತೇನೆ. ರಂಗೋಲಿ ಚುಕ್ಕೆಯ ಹಾಗೆ. ಹುಡುಕಿದವರಿಗೆ ಕಾಣುತ್ತದೆ, ಉಳಿದವರಿಗೆ ಕಲ್ಲಿನ ನೆಲವಷ್ಟೇ.

ಆಮೇಲೆ ಫಾಯಿಲನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಫೋಮ್ ಮೇಲೆ ಒತ್ತಿ ಉರುಳಿಸಿ. ನಯವಾದ ಫೋಮ್ ಕಲ್ಲಿನ ಹಾಗೆ ಒರಟಾಗುತ್ತದೆ. ಇದೊಂದು ಕೈಚಳಕ ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ.

ಕಂಬಗಳು ಎಂಟು. ಅರ್ಧ ಇಂಚು ಚೌಕ, 2 ಇಂಚು ಎತ್ತರ. ಹಂಪಿಯ ಕಂಬಗಳನ್ನು ನೆನಪಿಸಿಕೊಳ್ಳಿ: ಕೆಳಗೆ ಚೌಕ, ನಡುವೆ ಎಂಟು ಮುಖ, ಮೇಲೆ ಮತ್ತೆ ಚೌಕ. ಕಂಬವನ್ನು ಮೂರು ಪಾಲು ಮಾಡಿ, ನಡುವಿನ ಪಾಲಿನ ನಾಲ್ಕು ಅಂಚುಗಳನ್ನು ಮಾತ್ರ ಸವರಿ ತೆಗೆಯಿರಿ. ಎಂಟು ಮುಖ ತಾನಾಗಿ ಬರುತ್ತದೆ. ತಲೆಯ ಮೇಲೆ ಕಾಲು ಇಂಚು ದಪ್ಪದ ಒಂದು ಚಿಕ್ಕ ಶಿಲುಬೆಯಾಕಾರದ ತುಂಡು, ಅದೇ ಬೋದಿಗೆ. ಅದರ ಮೇಲೆ ಕಾಲು ಇಂಚಿನ ತೊಲೆ.

ಕಂಬಗಳನ್ನು ಮೂಲೆಗಳಲ್ಲಿ ನಾಲ್ಕು, ಬದಿಗಳ ನಡುವೆ ನಾಲ್ಕು ನಿಲ್ಲಿಸಿ. ನಡುಮಧ್ಯೆ ಕಂಬ ಬೇಡ. ಕಂಬದಿಂದ ಕಂಬಕ್ಕೆ 2 ಇಂಚು ತೆರವು ಇರಬೇಕು. ಇದು ಗೊಂಬೆಗಾಗಿ ಮಾತ್ರ ಅಲ್ಲ, ಗೊಂಬೆ ಹಿಡಿದ ಬೆರಳಿಗಾಗಿ. ಕಂಬದ ಬುಡಕ್ಕೆ ಹಲ್ಲುಕಡ್ಡಿ ಚುಚ್ಚಿ, ಫೆವಿಕಾಲ್ ಹಚ್ಚಿ, ಜಗತಿಗೆ ಇಳಿಸಿ. ಬರೀ ಅಂಟಿನಲ್ಲಿ ನಿಲ್ಲಿಸಿದ ಕಂಬ ಎರಡನೇ ಆಟಕ್ಕೇ ಕಿತ್ತುಬರುತ್ತದೆ.

ಮಾಡಿಗೆ ಅರ್ಧ ಇಂಚು ದಪ್ಪದ ಮೂರು ಚಪ್ಪಡಿ, ಒಂದೊಂದು 2 ಇಂಚು ಅಗಲ, 6 ಇಂಚು ಉದ್ದ. ಅಂಟಿಸಬೇಡಿ, ಸುಮ್ನೆ ಇಡಿ. ಒಳಗೆ ಆಟ ನಡೆಯುವಾಗ ಎತ್ತಿ ಪಕ್ಕಕ್ಕಿಡಬೇಕು. ಜಗತಿ 1, ಕಂಬ 2, ಬೋದಿಗೆ ಮತ್ತು ತೊಲೆ ಅರ್ಧ, ಚಪ್ಪಡಿ ಅರ್ಧ. ಒಟ್ಟು 4 ಇಂಚು. ಬಂಡೆಯ ಎತ್ತರಕ್ಕೆ ಸಮ.

ಈಗ ಹಾಳು ಮಾಡುವ ಹೊತ್ತು. ಬಂಡೆಯಿಂದ ದೂರದ ಬದಿಯ ಒಂದು ಚಪ್ಪಡಿಯನ್ನು ಕೈಯಲ್ಲೇ ಮುರಿದು, ತುಂಡುಗಳನ್ನು ಜಗತಿಯ ಕೆಳಗೆ ಹರಡಿ ಅಂಟಿಸಿ. ಬ್ಲೇಡಿನಲ್ಲಿ ಕತ್ತರಿಸಿದರೆ ಮುರಿದ ಹಾಗೆ ಕಾಣುವುದಿಲ್ಲ, ಕತ್ತರಿಸಿದ ಹಾಗೇ ಕಾಣುತ್ತದೆ. ಹರಡಿದ ಕಲ್ಲಿನ ಮೇಲೆ ನಡೆದರೆ ಆಟದಲ್ಲಿ ನಡಿಗೆಯ ಖರ್ಚು ಎರಡು ಪಟ್ಟು. ಹಾಗಾಗಿ ಎಲ್ಲೆಂದರಲ್ಲಿ ಚೆಲ್ಲದೆ, ಓಡಿಹೋಗುವವರ ದಾರಿಗೆ ಅಡ್ಡ ಬರುವಂತೆ ಹಾಕಿ. ಒಂದು ಮೂಲೆ ಕಂಬವನ್ನು ಅರ್ಧಕ್ಕೆ ಮುರಿಯಿರಿ.

ಪಕ್ಕದ ಗೋಡೆಯನ್ನು ಮಿಕ್ಕ ಚೂರುಗಳಲ್ಲೇ ಮಾಡಬಹುದು. ಅದಕ್ಕೆ ಹೆಚ್ಚು ಹೇಳಬೇಕಿಲ್ಲ.

ಬಣ್ಣ

ಕಪ್ಪು ಬಣ್ಣ ಮತ್ತು ಫೆವಿಕಾಲ್ ಸಮ ಸಮ ಕಲಸಿ, ಸ್ವಲ್ಪ ನೀರು ಬೆರೆಸಿ, ಎಲ್ಲದಕ್ಕೂ ಬಳಿಯಿರಿ. ಸಂದುಗೊಂದಿನಲ್ಲಿ ಬಿಳಿ ಉಳಿಯಬಾರದು. ಇದು ಬಣ್ಣವೂ ಹೌದು, ಕವಚವೂ ಹೌದು. ಒಣಗಿದ ಮೇಲೆ ಫೋಮ್ ಉಗುರಿನ ಗೀರಿಗೆ ಸುಲಭವಾಗಿ ಸಿಗುವುದಿಲ್ಲ.

ಕಲ್ಲು ಎಂದರೆ ಬೂದು ಬಣ್ಣ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹಂಪಿಯ ಕಲ್ಲು ಬರೀ ಬೂದು ಅಲ್ಲ. ಬೂದು ಬಣ್ಣಕ್ಕೆ ಕಂದು, ಚಿಟಿಕೆ ಕಿತ್ತಳೆ ಸೇರಿಸಿ. ಕಪ್ಪಿನ ಮೇಲೆ ಇದನ್ನು ಬಳಿಯುವಾಗ ಸಂದುಗಳ ಕಪ್ಪು ಹಾಗೇ ಉಳಿಯಲಿ. ಆಮೇಲೆ ಡ್ರೈ ಬ್ರಷ್: ತಿಳಿ ಕೆನೆ ಬಣ್ಣದಲ್ಲಿ ಬ್ರಷ್ ಅದ್ದಿ, ಹಳೇ ಬಟ್ಟೆಗೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಅನ್ನಿಸುವಷ್ಟು ಒಣಗಿಸಿ, ನಂತರ ಕಲ್ಲಿನ ಮೇಲೆ ಹಗುರವಾಗಿ ಆಡಿಸಿ. ಉಬ್ಬಿದ ಅಂಚುಗಳಷ್ಟೇ ಬಣ್ಣ ಹಿಡಿಯುತ್ತವೆ. ಗೀರಿದ ಪ್ರತಿ ಗೆರೆಯೂ ಎದ್ದು ಕಾಣುವುದು ಈಗ. ಅವಸರ ಮಾಡಿ ಒದ್ದೆ ಬ್ರಷ್ ಹಾಕಿದರೆ ಪಟ್ಟೆ ಬೀಳುತ್ತದೆ.

ಬಂಡೆಗೆ ಇನ್ನೊಂದು ಕೆಲಸ ಇದೆ. ಮಳೆನೀರು ಇಳಿಯುವ ಜಾಗದಲ್ಲಿ ನಿಜವಾದ ಬಂಡೆಗಳ ಮೇಲೆ ಉದ್ದುದ್ದ ಕಪ್ಪು ಪಟ್ಟಿಗಳಿರುತ್ತವೆ. ಕಪ್ಪು ಬಣ್ಣವನ್ನು ಕಾಫಿ ಡಿಕಾಕ್ಷನ್‌ನಷ್ಟು ನೀರಾಗಿಸಿ, ನೆತ್ತಿಯಿಂದ ಕೆಳಗೆ ಮೂರ್ನಾಲ್ಕು ಕಡೆ ಹರಿಯಲು ಬಿಡಿ. ಅದು ಎಲ್ಲಿ ಹರಿಯುತ್ತದೋ ಅಲ್ಲೇ ಸರಿ.

ಮಣ್ಣು, ಹುಲ್ಲು, ಮರ

ನಮ್ಮ ಅಜ್ಜಿ ಗೊಂಬೆ ಹಬ್ಬಕ್ಕೆ ಪಾರ್ಕು ಮಾಡುತ್ತಿದ್ದರು. ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ಮೊಳಕೆ ಬರಿಸುತ್ತಿದ್ದರು. ಹಬ್ಬದ ಹೊತ್ತಿಗೆ ಹಸಿರು ಹುಲ್ಲುಗಾವಲು. ಪುಟ್ಟ ಜಾಗವನ್ನು ದೊಡ್ಡದಾಗಿ ನೋಡುವುದನ್ನು ನಾನು ಕಲಿತದ್ದು ಅಲ್ಲೇ. ಆಟಕ್ಕೆ ಮೊಳಕೆ ಬಾಳಿಕೆ ಬರುವುದಿಲ್ಲ ಬಿಡಿ, ಆದರೆ ಅವರ ಡಬ್ಬಿಯ ಕೆಮ್ಮಣ್ಣು ಬರುತ್ತದೆ. ಬುಡದ ಸುತ್ತ ಫೆವಿಕಾಲ್ ಹಚ್ಚಿ, ಜರಡಿ ಹಿಡಿದ ಕೆಮ್ಮಣ್ಣು ಉದುರಿಸಿ, ಒಣಗಿದ ಮೇಲೆ ಉಳಿದದ್ದನ್ನು ಕೊಡವಿ.

ಒಣ ಹುಲ್ಲಿಗೆ ತೆಂಗಿನ ನಾರು. ಚಿಕ್ಕ ಕಟ್ಟು ಮಾಡಿ, ಬುಡಕ್ಕೆ ಅಂಟು ಹಚ್ಚಿ, ಚಪ್ಪಡಿಯ ಸಂದಿನಲ್ಲಿ ಸಿಕ್ಕಿಸಿ, ಕಾಲು ಇಂಚಿಗೆ ಕತ್ತರಿಸಿ. ಉದುರೆಲೆಗೆ ಕುದಿಸಿ ಚೆನ್ನಾಗಿ ಒಣಗಿಸಿದ ಚಹಾಪುಡಿ. ಹಸಿ ಉಳಿದರೆ ಬೂಷ್ಟು ಬರುತ್ತದೆ, ಎರಡು ದಿನ ಬಿಸಿಲಿಗಿಡಿ.

ಮರಕ್ಕೆ ಕವಲೊಡೆದ ಒಣ ತುಳಸಿ ಕಡ್ಡಿಯಷ್ಟು ಚೆನ್ನಾದದ್ದು ಇಲ್ಲ. ತುಳಸಿಯನ್ನು ಹೀಗೆ ಬಳಸುವುದು ಬೇಡ ಎನ್ನುವ ಮನೆಯಲ್ಲಿ ಕಾಮಕಸ್ತೂರಿಯ ಕಡ್ಡಿ ತೆಗೆದುಕೊಳ್ಳಿ. ಎಲೆಗೆ ಒಣಗಿದ ಹೀರೆಕಾಯಿಯ ನಾರನ್ನು ಚೂರು ಮಾಡಿ, ಹಸಿರು ಬಣ್ಣದ ನೀರಿನಲ್ಲಿ ಅದ್ದಿ ಒಣಗಿಸಿ ಅಂಟಿಸಿ. ಮರವನ್ನು ನೆಲಕ್ಕೆ ಅಂಟಿಸದೆ ಬೇರೆ ಪೀಠದ ಮೇಲೆ ನಿಲ್ಲಿಸಿದರೆ ಮುಂದಿನ ಆಟದಲ್ಲಿ ಅದೇ ಮರ ಬೇರೆ ಕಾಡಾಗುತ್ತದೆ.

ಮಳೆಗಾಲ ಮತ್ತು ಪೆಟ್ಟಿಗೆ

ಕೊನೆಗೆ ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಷ್ ಒಂದು ಸಲ ಬಳಿಯಲೇಬೇಕು. ಫೆವಿಕಾಲ್ ತೇವಕ್ಕೆ ಮೆತ್ತಗಾಗುತ್ತದೆ. ಜುಲೈನಲ್ಲಿ ಪೆಟ್ಟಿಗೆ ತೆಗೆದರೆ ಚಪ್ಪಡಿಗೆ ಚಪ್ಪಡಿ ಅಂಟಿಕೊಂಡಿರುತ್ತದೆ. ವಾರ್ನಿಷ್ ಆದ ಮೇಲೂ ತುಂಡುಗಳ ನಡುವೆ ಬಟರ್ ಪೇಪರ್ ಇಡಿ. ನ್ಯೂಸ್ ಪೇಪರಿನ ಹಾಳೆ ಬೇಡ, ಅದರ ಅಚ್ಚು ಹತ್ತುತ್ತದೆ.

ಅಂಟಿಗೆ ಮೈದಾ ಗೋಂದು ಬಳಸುವುದಾದರೆ ಹಿಂದೆ ಪುಸ್ತಕ ಕಟ್ಟುವವರು ಮಾಡುತ್ತಿದ್ದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ, ಹುಳ ಬರುವುದಿಲ್ಲ. ಮೈಲುತುತ್ತ ವಿಷ, ಮಕ್ಕಳಿರುವ ಮನೆಯಲ್ಲಿ ಅದು ಬೇಡ, ಫೆವಿಕಾಲೇ ಸಾಕು. ಜಿರಳೆ ಬರುತ್ತದೆಂದು ಪೆಟ್ಟಿಗೆಯೊಳಗೆ ನುಸಿಗುಳಿಗೆ ಹಾಕುವುದಂತೂ ಖಂಡಿತ ಬೇಡ. ನ್ಯಾಫ್ತಲೀನ್ ಥರ್ಮಾಕೋಲನ್ನು ಕರಗಿಸುತ್ತದೆ.

ಕಲಸಿದ ಕಲ್ಲಿನ ಬಣ್ಣ ಸ್ವಲ್ಪ ಉಳಿದಿರುತ್ತದಲ್ವಾ? ಚಿಕ್ಕ ಶೀಶೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಮಂಟಪದ ಜೊತೆಗೇ ಪೆಟ್ಟಿಗೆಯಲ್ಲಿಡಿ. ಆಟದಲ್ಲಿ ಕಂಬದ ಮೂಲೆ ಕೆತ್ತಿಹೋಗಿ ಬಿಳಿ ಕಾಣಿಸಿದರೆ, ಅವತ್ತು ರಾತ್ರಿ ಒಂದು ಬೆರಳಿನಲ್ಲಿ ಒತ್ತಿದರೆ ಮುಗಿಯಿತು.